ಕಡತಕ್ಕೂ ಒಂದು ಅಂತ್ಯಸಂಸ್ಕಾರ

ಬೆಳ್ತಂಗಡಿ ಠಾಣೆಯ ಆ ಆರ್‌ಟಿಐ ಉತ್ತರದ ಸುದ್ದಿ ಓದಿದಾಗಿನಿಂದ ನನಗೆ ನಮ್ಮ ಪೊಲೀಸ್ ಇಲಾಖೆಯ ಶುಚಿತ್ವದ ಮೇಲೆ ಅಪಾರ ಗೌರವ ಬಂದಿದೆ. ಸರ್ಕಾರಿ ಕಚೇರಿ ಅಂದರೆ ದೂಳು, ಗೆದ್ದಲು, ಕೆಂಪು ದಾರ ಕಟ್ಟಿದ ಗಂಟು ಅಂತ ಹೀಗಳೆಯುವವರು ಒಮ್ಮೆ ಅದನ್ನು ಓದಬೇಕು. 2000ದಿಂದ 2015ರವರೆಗಿನ ಯುಡಿಆರ್ (ಅಸಹಜ ಸಾವಿನ) ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ, ಗುರುತು ಸಿಗದವರ ಫೋಟೊ, ಗೋಡೆಗೆ ಅಂಟಿಸಿದ ನೋಟಿಸು, ಎಲ್ಲವೂ ವಿಲೇವಾರಿಯಾಗಿವೆಯಂತೆ. ಕಳುವಾಗಿಲ್ಲ. ಇಲಿ ತಿಂದಿಲ್ಲ. ಮಳೆಗೆ ನೆನೆದಿಲ್ಲ. ಆಡಳಿತದ ಆದೇಶದಂತೆ, ಶಿಸ್ತಾಗಿ, ನಾಶ.

ನಮ್ಮಮ್ಮ 1994ರ ರೇಷನ್ ಕಾರ್ಡನ್ನು ಇನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಯಾವತ್ತಾದ್ರೂ ಬೇಕಾಗುತ್ತೆ ಅಂತ. ಒಂದು ಠಾಣೆಗೆ ಹದಿನೈದು ವರ್ಷದ ಹೆಣಗಳ ಬಗ್ಗೆ ಹಾಗೆ ಅನ್ನಿಸಲಿಲ್ಲ.

ಉಳಿದ ಕಥೆ ನಿಮಗೆ ಗೊತ್ತೇ ಇದೆ. ಇದೇ ತಾಲೂಕಿನ ಧರ್ಮಸ್ಥಳದಲ್ಲಿ ನೂರಾರು ಹೆಣ ಹೂತಿದ್ದೇನೆ ಅಂತ ಮಾಜಿ ಸ್ವಚ್ಛತಾ ಕಾರ್ಮಿಕನೊಬ್ಬ ದೂರು ಕೊಟ್ಟ, 2025ರ ಜುಲೈನಲ್ಲಿ ಎಸ್‌ಐಟಿ, ಅಂದರೆ ವಿಶೇಷ ತನಿಖಾ ತಂಡ, ಬಂತು. ಹಾರೆ ಬಂತು, ಜೆಸಿಬಿ ಬಂತು, ನೆಲದೊಳಗೆ ಇಣುಕುವ ರೇಡಾರ್ ಹೊತ್ತ ಡ್ರೋನ್ ಬಂತು. ಅಗೆಯಲು ಗುರುತು ಮಾಡಿದ 'ಪಾಯಿಂಟ್ ನಂಬರ್ 13' ಅನ್ನುವುದು ಮಕ್ಕಳ ಬಾಯಲ್ಲೂ ಬಂತು. ಆಮೇಲೆ ದೂರು ಕೊಟ್ಟವನೇ ಒಳಗೆ ಹೋದ. ಯಾರದು ನಿಜ, ಯಾರದು ಸುಳ್ಳು ಅನ್ನುವುದನ್ನು ಕೋರ್ಟು ನೋಡಿಕೊಳ್ಳಲಿ. ಅಷ್ಟರವರೆಗೆ ತಡೆಯಲಾರದವರಿಗೆ ರಾತ್ರಿ ಒಂಬತ್ತರ ಚರ್ಚೆ ಇದೆ, ಅಲ್ಲಿ ದಿನಕ್ಕೊಂದು ತೀರ್ಪು ಸಿಗುತ್ತದೆ. ನನ್ನ ತಲೆ ಕೆಡಿಸಿದ್ದು ಇಷ್ಟೇ: ಮಣ್ಣಿನಡಿ ಏನಿದೆ ಅಂತ ನೋಡಲು ರೇಡಾರ್ ತರಿಸುವ ಸರ್ಕಾರಕ್ಕೆ ತನ್ನದೇ ಬೀರುವಿನಲ್ಲಿ ಏನಿತ್ತು ಅಂತ ಹೇಳಲು ಆಗುತ್ತಿಲ್ಲ.

ಇದರಲ್ಲಿ ಒಂದು ಸೊಗಸಿದೆ. ನಮ್ಮ ಕಾನೂನಿನಲ್ಲಿ ಕೊಲೆಗೆ ಕಾಲಮಿತಿ ಇಲ್ಲ. ಮೂವತ್ತು ವರ್ಷ ಬಿಟ್ಟು ಕೊಲೆಗಾರ ಸಿಕ್ಕರೂ ಕಟಕಟೆ ಹತ್ತಿಸಬಹುದು. ಆದರೆ ಕಡತಕ್ಕೆ ಕಾಲಮಿತಿ ಇದೆ. ಕೊಲೆಗಾರ ತಪ್ಪಿಸಿಕೊಂಡು ಊರೂರು ಓಡಬೇಕಾಗಿಲ್ಲ. ಸುಮ್ನೆ ಕಾದು ಕೂತರೆ ಸಾಕು, ಹೆಣದ ಫೋಟೊ ತಾನಾಗಿಯೇ ಹೋಗುತ್ತದೆ.

'ಯುಡಿಆರ್‌ಗೂ ಕೊಲೆಗೂ ಏನ್ರೀ ಸಂಬಂಧ?' ಅಂತ ಇಲಾಖೆಯ ಹಿತೈಷಿಗಳು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಹೊಳೆಯಲ್ಲೋ ಹಳಿಯ ಮೇಲೋ ಒಂದು ಹೆಣ ಸಿಕ್ಕಿತು ಅಂತಿಟ್ಟುಕೊಳ್ಳಿ. ಗಾಯ ಎದ್ದು ಕಾಣದಿದ್ದರೆ ಅದು ಅಸಹಜ ಸಾವು. ಹಿಂದೆ ಸಿಆರ್‌ಪಿಸಿ 174, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಆ ಕಲಮನ್ನು ಒಮ್ಮೆ ಓದಿ ನೋಡಿ. ಸ್ಥಳಕ್ಕೆ ಹೋಗಬೇಕು, ನೆರೆಹೊರೆಯ ಇಬ್ಬರು ಗೌರವಸ್ಥರ ಮುಂದೆ ಪಂಚನಾಮೆ ಬರೆಯಬೇಕು, ಗಾಯ, ಮುರಿತ, ತರಚು ಎಲ್ಲ ನಮೂದಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ವರದಿ ಕಳಿಸಬೇಕು. ಹೆಣ ಸಿಕ್ಕಿದೆ ಅಂದ ಕೂಡಲೇ ಊರಿನಲ್ಲಿ ಮೊದಲು ಮಾಯವಾಗುವವರೇ ಗೌರವಸ್ಥರು, ಅದು ಬೇರೆ ಮಾತು. ಕೊನೆಗೆ ಸಹಿ ಹಾಕುವವರು ಟೀ ಅಂಗಡಿಯವನು ಮತ್ತು ಹೆಣ ಎತ್ತಲು ಕೈಕೊಟ್ಟ ಆಟೊ ಡ್ರೈವರ್. ಇರಲಿ. ಆ ಕಲಂ ಕೇಳುವುದು ಈ ಮನುಷ್ಯ ಹೇಗೆ ಸತ್ತ ಅಂತ. ಯಾರು ಅಂತ ಕೇಳುವುದೇ ಇಲ್ಲ.

ಯಾರು ಅಂತ ಕೇಳುವ ಕೆಲಸವನ್ನು ನಾವು ದಿನಪತ್ರಿಕೆಗೆ ವಹಿಸಿದ್ದೇವೆ. ಜಿಲ್ಲಾ ಪುಟದ ಮೂಲೆ ನೋಡಿ. 'ಮಹಿಳೆ ಕಾಣೆ. ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಎತ್ತರ 5.2 ಅಡಿ. ಕನ್ನಡ, ತುಳು ಮಾತನಾಡುತ್ತಾರೆ.' ಫೋಟೊ ಯಾರದೋ ಮದುವೆಯದು. ಪಕ್ಕದಲ್ಲಿದ್ದವರನ್ನು ಕತ್ತರಿಸಿದ್ದರೂ ಅವರ ಭುಜ ಉಳಿದಿರುತ್ತದೆ, ಹೂವಿನ ಹಾರದ ತುದಿಯೊಂದು ಉಳಿದಿರುತ್ತದೆ. ಈ ಚಹರೆ ಹಿಡಿದು ಹುಡುಕಲು ಹೊರಟರೆ ಮೆಜೆಸ್ಟಿಕ್ಕಿನಲ್ಲಿ ಅರ್ಧ ಗಂಟೆಯಲ್ಲಿ ನಾಲ್ಕು ಬಸ್ಸು ತುಂಬಿಸಬಹುದು. ಇಷ್ಟು ವರ್ಷದಲ್ಲಿ ನಮ್ಮ ರಾಜ್ಯದಿಂದ ಅಸಾಧಾರಣ ಮೈಕಟ್ಟಿನವರು ಒಬ್ಬರೂ ಕಾಣೆಯಾಗಿಲ್ಲ.

ಅದೇ ಪುಟದಲ್ಲಿ, ಒಂದು ಟೆಂಡರ್ ಪ್ರಕಟಣೆ ದಾಟಿದರೆ, ಇನ್ನೊಂದು. 'ಅಪರಿಚಿತ ಮಹಿಳೆಯ ಶವ ಪತ್ತೆ. ವಯಸ್ಸು ಸುಮಾರು 40ರಿಂದ 45. ದುಂಡು ಮುಖ, ಸಾಧಾರಣ ಮೈಕಟ್ಟು. ಬಲಗೈಯಲ್ಲಿ ಹಚ್ಚೆ ಇದೆ. ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಲು ಕೋರಲಾಗಿದೆ.' ಮೊದಲನೆಯದು ಒಂದು ಠಾಣೆಯದು, ಎರಡನೆಯದು ಪಕ್ಕದ ತಾಲೂಕಿನದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರದು? ನಿಮ್ಮದು, ಕಾಫಿ ಕುಡಿಯುತ್ತಾ.

ಕಂಪ್ಯೂಟರ್ ಇದೆಯಲ್ಲ ಅನ್ನುತ್ತೀರಿ. ಇದೆ. ಎಲ್ಲ ಠಾಣೆಗಳನ್ನು ಒಂದೇ ಜಾಲಕ್ಕೆ ತರುವ ಸಿಸಿಟಿಎನ್‌ಎಸ್‌ಗೆ ಒಪ್ಪಿಗೆ ಸಿಕ್ಕಿದ್ದು 2009ರಲ್ಲೇ. ಆದರೆ ಒಳಗೆ ತುಂಬಿಸಿದ್ದು ಸಾಧಾರಣ ಮೈಕಟ್ಟು ಆದರೆ ಹೊರಗೆ ಬರುವುದೂ ಸಾಧಾರಣ ಮೈಕಟ್ಟೇ. ಇಷ್ಟು ದಿನದೊಳಗೆ ಹೊಂದಿಸಿ ನೋಡಬೇಕು, ನೋಡದಿದ್ದರೆ ಇಂಥವರು ಹೊಣೆ ಅಂತ ಬರೆದಿರುವ ಒಂದು ಸಾಲನ್ನು 194ರಲ್ಲಿ ನೀವೇ ಹುಡುಕಿಕೊಳ್ಳಿ.

ಹೊಂದಿಸುವುದಕ್ಕೇ ಅಂತ ಒಂದು ಕಾನೂನು ಬರುವುದಿತ್ತು. ಡಿಎನ್‌ಎ ಮಸೂದೆ. ಅದರಲ್ಲಿ ಕಾಣೆಯಾದವರದೇ ಒಂದು ಪಟ್ಟಿ, ಗುರುತು ಸಿಗದ ಹೆಣಗಳದೇ ಇನ್ನೊಂದು ಪಟ್ಟಿ, ಎರಡಕ್ಕೂ ಜಾಗ ಇತ್ತು. 2018ರಲ್ಲಿ ಲೋಕಸಭೆಗೆ ಬಂತು, 2019ರ ಜನವರಿಯಲ್ಲಿ ಅಲ್ಲಿ ಪಾಸಾಯಿತು, ಚುನಾವಣೆ ಬಂದು ಬಿದ್ದುಹೋಯಿತು. ಅದೇ ವರ್ಷ ಮತ್ತೆ ಬಂತು, ಸ್ಥಾಯಿ ಸಮಿತಿಗೆ ಹೋಯಿತು, 2021ರಲ್ಲಿ ಸಮಿತಿಯ ವರದಿ ಬಂತು. ಮುಂದಿನದನ್ನು ಜಿಲ್ಲಾ ಪುಟದ ಭಾಷೆಯಲ್ಲೇ ಹೇಳುತ್ತೇನೆ: ಮಸೂದೆ ಕಾಣೆ. ಕೊನೆಯ ಬಾರಿ ಕಂಡಿದ್ದು 2023ರ ಜುಲೈನಲ್ಲಿ, ಲೋಕಸಭೆಯಿಂದ ಸರ್ಕಾರವೇ ಕೈಹಿಡಿದು ಹೊರಗೆ ಕರೆದೊಯ್ಯುವಾಗ. ಇಂಗ್ಲಿಷ್, ಹಿಂದಿ ಮಾತನಾಡುತ್ತದೆ.

ನಮ್ಮೆಲ್ಲರ ಡಿಎನ್‌ಎ ಸರ್ಕಾರದ ಕೈಗೆ ಹೋದರೆ ಏನು ಗತಿ ಅನ್ನುವ ಭಯ ಸುಳ್ಳಲ್ಲ, ನನಗೂ ಇದೆ. ಆದರೆ ಆ ಭಯ ಸರ್ಕಾರಕ್ಕೇನೂ ಇದ್ದಂತಿಲ್ಲ. ನಡುವೆ, 2022ರಲ್ಲಿ, ಬಂಧಿತರ ಅಳತೆ ತೆಗೆಯುವ ಇನ್ನೊಂದು ಕಾಯ್ದೆ ಬಂತು. ಬೆರಳಚ್ಚು, ಕಣ್ಣಿನ ಪಾಪೆ, ಜೈವಿಕ ಮಾದರಿ, ಎಲ್ಲ ತೆಗೆದುಕೊಳ್ಳಬಹುದು. ಎಷ್ಟು ವರ್ಷ ಇಟ್ಟುಕೊಳ್ಳಬಹುದು ಗೊತ್ತಾ? 75 ವರ್ಷ. ಪ್ರತಿಭಟನೆಗೆ ಹೋಗಿ ಒಂದು ರಾತ್ರಿ ಲಾಕಪ್ಪಿನಲ್ಲಿದ್ದ ಹುಡುಗನ ಬೆರಳಚ್ಚು ಕೂಡ ಅವನಿಗೆ ಮೊಮ್ಮಕ್ಕಳಾಗುವವರೆಗೆ ಭದ್ರವಾಗಿರಬಹುದು. ಹೊಳೆಯಲ್ಲಿ ಸಿಕ್ಕ ಹೆಂಗಸಿನ ಫೋಟೊಗೆ ಆ ಯೋಗ ಇಲ್ಲ. ಸರ್ಕಾರ ನಿಮ್ಮನ್ನು ನೆನಪಿಟ್ಟುಕೊಳ್ಳಬೇಕೆಂದರೆ ಮೊದಲು ಅರೆಸ್ಟಾಗಬೇಕು.

ಈಗ ಯಾರೋ ಹೇಳುತ್ತಾರೆ, ಇದೆಲ್ಲ ದೆಹಲಿಯದು, ನಮ್ಮ ಕೈಲೇನಿದೆ ಅಂತ. ಪೊಲೀಸ್ ಅನ್ನುವುದು ಸಂವಿಧಾನದಲ್ಲಿ ರಾಜ್ಯದ ಪಟ್ಟಿಯಲ್ಲಿದೆ. ಕ್ರಿಮಿನಲ್ ಪ್ರೊಸೀಜರ್ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಪಟ್ಟಿಯಲ್ಲಿದೆ. ವಿಧಾನಸೌಧಕ್ಕೆ ಕೈಗಳಿವೆ, ಚುರುಕಾಗಿಯೂ ಇವೆ. 2025ರ ಮಾರ್ಚ್ 21ರಂದು ಸದನದಲ್ಲಿ ಕಾಗದ ಹಾರುತ್ತಿತ್ತು, ಘೋಷಣೆ ಕೂಗುತ್ತಿದ್ದರು, ಹದಿನೆಂಟು ಶಾಸಕರು ಅಮಾನತಾದರು. ಆ ಗಲಾಟೆಯಲ್ಲೂ ಸಂಬಳದ ಮಸೂದೆಗಳು ಎಡವದೆ ದಡ ಸೇರಿದವು. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ. ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷ. ಸಂಬಳಕ್ಕೆ ಯಾವ ಸ್ಥಾಯಿ ಸಮಿತಿಯೂ ಬೇಕಾಗಲಿಲ್ಲ.

ಹಾಗಂತ ನಮ್ಮ ಶಾಸನಸಭೆ ವಾರಸುದಾರರಿಲ್ಲದ ಹೆಣದ ಬಗ್ಗೆ ಯೋಚಿಸಿಯೇ ಇಲ್ಲ ಅಂದರೆ ಅನ್ಯಾಯವಾಗುತ್ತದೆ. ಯೋಚಿಸಿದೆ. 1957ರಲ್ಲೇ. ಅನಾಟಮಿ ಕಾಯ್ದೆ ಅಂತ ಇದೆ. ಯಾರೂ ಕೇಳಿ ಬಾರದ ಹೆಣವನ್ನು ಮೆಡಿಕಲ್ ಕಾಲೇಜಿಗೆ ಹೇಗೆ ಕೊಡಬೇಕು ಅಂತ ಅದರಲ್ಲಿ ಬರೆದಿದೆ. ವೈದ್ಯರು ಕಲಿಯಬೇಕಲ್ಲ, ಅದು ಬೇಕೇ ಬೇಕು. ಆದರೆ ಹೆಣ ಕಾಲೇಜಿಗೆ ಹೋಗುವ ದಾರಿ ಕಾಯ್ದೆಯಲ್ಲಿ ಇಷ್ಟು ಸ್ಪಷ್ಟವಾಗಿದೆ. ಅದೇ ಹೆಣ ಮನೆಗೆ ಹೋಗುವ ದಾರಿಗೆ 'ಸಂಪರ್ಕಿಸಲು ಕೋರಲಾಗಿದೆ' ಅನ್ನುವುದೇ ಗತಿ.

ಜಮೀನಿಗಾದರೆ ಹೀಗಿಲ್ಲ. ಭೂ ಸುರಕ್ಷಾ ಅಂತ ಯೋಜನೆ ಮಾಡಿ ತಾಲೂಕು ಕಚೇರಿಯ ಹಳೇ ಕಾಗದಗಳನ್ನು ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೇ ಕೆಲಸ, ವ್ಯಂಗ್ಯ ಅಲ್ಲ. ಹುಡುಕಿದರೆ ಮುತ್ತಜ್ಜನ ಕಾಲದ ಎರಡು ಗುಂಟೆಗೂ ದಾಖಲೆ ಸಿಗುವ ನಾಡು ಇದು. ಆ ಎರಡು ಗುಂಟೆಯಲ್ಲಿ ಯಾರದಾದರೂ ಹೆಣ ಸಿಕ್ಕರೆ ಪಹಣಿ ಉಳಿಯುತ್ತದೆ, ಹೆಣದ ಕಾಗದ ಹೋಗುತ್ತದೆ.

ಹೆಣವೇ ಸಿಗದವರ ಕಥೆ ಇನ್ನೊಂದು. ಏಳು ವರ್ಷ ಸುಳಿವೇ ಇಲ್ಲದಿದ್ದರೆ ಸತ್ತಿದ್ದಾರೆ ಅಂತ ಕೋರ್ಟು ಭಾವಿಸಬಹುದು. ವಿಮೆ, ಪಿಂಚಣಿ, ಖಾತೆ ಬದಲಾವಣೆ, ಎಲ್ಲಕ್ಕೂ ಅದು ಬೇಕು. ಅದಕ್ಕೆ ಠಾಣೆಯಿಂದ 'ಪತ್ತೆಯಾಗಿಲ್ಲ' ಅಂತ ಹಿಂಬರಹ ಬೇಕು. ಹಿಂಬರಹಕ್ಕೆ ಹಳೇ ಕಡತ ಬೇಕು. ಕಡತಕ್ಕೆ ಏನಾಗಿರಬಹುದು ಅಂತ ನಾನು ಮತ್ತೆ ಹೇಳಬೇಕಾ?

ಕೊಲೆ ಅಂತ ಗೊತ್ತಾಗಿ ಕೊಂದವನು ಸಿಗದಿದ್ದರೆ 'ಸಿ' ರಿಪೋರ್ಟ್. ಬಿ ರಿಪೋರ್ಟ್ ಎಲ್ಲರಿಗೂ ಗೊತ್ತು, ಅದು ರಾಜಕಾರಣಿಗಳ ಕೃಪೆಯಿಂದ ಮನೆಮಾತು. ಸಿ ಪಾಪ, ಬಡವರ ಪಾಲಿನದು. ಅಪರಾಧ ನಡೆದದ್ದು ನಿಜ, ಮಾಡಿದವನು ಸಿಗಲಿಲ್ಲ, ಸಿಕ್ಕಾಗ ನೋಡೋಣ. ಅಮೆರಿಕದಲ್ಲಿ 2022ರಲ್ಲಿ ಒಂದು ಕಾನೂನು ಮಾಡಿದರು. ಕೊಲೆಯಾಗಿ ಮೂರು ವರ್ಷ ಕಳೆದರೂ ಪತ್ತೆಯಾಗದಿದ್ದರೆ ಮನೆಯವರು ಅರ್ಜಿ ಕೊಡಬಹುದು. ಕಡತವನ್ನು ಮತ್ತೆ ತೆಗೆದು ನೋಡಲೇಬೇಕು, ಅದೂ ಮೊದಲು ತನಿಖೆ ಮಾಡಿದವರನ್ನು ಬಿಟ್ಟು ಬೇರೆಯವರು. ಅಲ್ಲೂ ಅದು ಕೇಂದ್ರದ ತನಿಖಾ ಸಂಸ್ಥೆಗಳಿಗಷ್ಟೇ ಅನ್ವಯ, ಬಹುಪಾಲು ಕೊಲೆಗಳನ್ನು ನೋಡುವ ಊರ ಪೊಲೀಸರಿಗೆ ಅಲ್ಲ. ಆದ್ದರಿಂದ ಅವರನ್ನೂ ತೀರಾ ಹೊಗಳುವುದಿಲ್ಲ. ಆದರೆ ಮತ್ತೆ ತೆಗೆದು ನೋಡಲು ಅಲ್ಲಿ ಏನೋ ಒಂದು ಉಳಿದಿರುತ್ತದಲ್ಲ, ಅದಕ್ಕೆ ಹೊಟ್ಟೆಕಿಚ್ಚು.

ಇಲ್ಲಿಯವರೆಗೆ ನಗುತ್ತಾ ಬಂದೆ. ಇನ್ನು ಆಗುವುದಿಲ್ಲ. ಮಗಳು ಮನೆಗೆ ಬಂದಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಠಾಣೆಗೆ ಓಡಿ ಬರುವ ತಾಯಿಗೆ ಇವತ್ತಿಗೂ ಸಿಗುವ ಉತ್ತರ ಇದು: 'ಯಾವನ ಜೊತೆಗೋ ಹೋಗಿರ್ತಾಳೆ, 24 ಗಂಟೆ ನೋಡಿ ಆಮೇಲೆ ಬಾಮ್ಮ.' ಈ 24 ಗಂಟೆ ಯಾವ ಕಾನೂನಿನಲ್ಲೂ ಇಲ್ಲ. ಯಾವ ಕಲಮಿನಲ್ಲೂ ಇಲ್ಲ. ಮಗು ಕಾಣೆಯಾದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ದೊಡ್ಡವರು ಕಾಣೆಯಾದರೆ ಅದೇ ಒಂದು ಅಪರಾಧವಲ್ಲ, ಹಾಗಾಗಿ ಎಲ್ಲವೂ ಟೇಬಲ್ ಹಿಂದೆ ಕೂತವರ ಮನಸ್ಸಿಗೆ ಬಿಟ್ಟದ್ದು. ಸಿಸಿ ಕ್ಯಾಮೆರಾ, ಮೊಬೈಲ್ ಟವರ್, ಬಸ್ ಸ್ಟ್ಯಾಂಡು, ಏನಾದರೂ ಸಿಗುವುದಿದ್ದರೆ ಆ ಮೊದಲ ರಾತ್ರಿಯಲ್ಲೇ. ಆ ರಾತ್ರಿಯನ್ನು ಹುಡುಗಿಯ ನಡತೆಯ ಬಗ್ಗೆ ಭಾಷಣ ಮಾಡಿ ಕಳೆಯುತ್ತಾರೆ. ಮುಂದೆ ಅವಳು ಹೆಣವಾಗಿ ಸಿಕ್ಕರೆ ಯುಡಿಆರ್. ಆಮೇಲೆ ಆ ಯುಡಿಆರ್ ಕೂಡ ಬೆಂಕಿಗೋ ರದ್ದಿಗೋ. ಸಾಕಾಗಿದೆ.

ನನಗೆ ಎಸ್‌ಐಟಿ ಬೇಡ, ಡ್ರೋನೂ ಬೇಡ. ಮುಂದಿನ ಅಧಿವೇಶನದಲ್ಲಿ ಯಾವುದಾದರೂ ಪಕ್ಷದ ಒಬ್ಬ ಶಾಸಕರು, ಸಂಬಳ ಹೇಗೂ ಡಬಲ್ ಆಗಿದೆ, ಗೃಹ ಸಚಿವರಿಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಲಿ. ಕಷ್ಟ ಬೇಡ ಅಂತ ಇಲ್ಲೇ ಬರೆದು ಕೊಡುತ್ತೇನೆ. '(ಅ) 2000ದಿಂದ ಇಲ್ಲಿಯವರೆಗೆ ರಾಜ್ಯದ ಯಾವ ಯಾವ ಠಾಣೆಗಳಲ್ಲಿ ಗುರುತು ಸಿಗದ ಶವಗಳ ಎಷ್ಟು ಕಡತಗಳನ್ನು ನಾಶಪಡಿಸಲಾಗಿದೆ? (ಆ) ನಾಶಪಡಿಸುವ ಮುನ್ನ ಅವನ್ನು ಕಾಣೆಯಾದವರ ಪಟ್ಟಿಯೊಂದಿಗೆ ಹೋಲಿಸಿ ನೋಡಿದ ಅಧಿಕಾರಿ ಯಾರು? (ಸಂಪೂರ್ಣ ವಿವರ ನೀಡುವುದು.)' ಮೊದಲನೆಯದಕ್ಕೆ 'ಮಾಹಿತಿ ಸಂಗ್ರಹಿಸಲಾಗುತ್ತಿದೆ', ಎರಡನೆಯದಕ್ಕೆ 'ಉದ್ಭವಿಸುವುದಿಲ್ಲ' ಅಂತ ಬರುತ್ತದೆ, ಗೊತ್ತು. ಪರವಾಗಿಲ್ಲ. ಅದನ್ನೇ ಬರೆದು, ಸಹಿ ಹಾಕಿ, ಸದನದ ಮುಂದೆ ಇಡಲಿ.