ಚೀನಾದಲ್ಲಿ ಹಂದಿಯಾಗಿ ಹುಟ್ಟಬಾರದಿತ್ತೇ!

ಖಜಾನೆಯಲ್ಲಿ ಚಿನ್ನ ಇಡುವ ದೇಶಗಳಿವೆ, ನೆಲದಡಿ ಕಚ್ಚಾ ತೈಲ ಇಡುವ ದೇಶಗಳಿವೆ. ಚೀನಾ ಹಂದಿ ಮಾಂಸ ಇಡುತ್ತದೆ. ಶೀತಲ ಗೋದಾಮಿನಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿಸಿದ ಸರ್ಕಾರಿ ದಾಸ್ತಾನು! ಬೆಲೆ ಏರಿದರೆ ಬಾಗಿಲು ತೆಗೆದು ಮಾರುತ್ತಾರೆ, ಬಿದ್ದರೆ ಕೊಂಡು ತುಂಬುತ್ತಾರೆ. ಜಗತ್ತಿನ ಹಂದಿ ಮಾಂಸದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಯದೇ ಆದ್ದರಿಂದ ಹಂದಿ ಅಲುಗಿದರೆ ಹಣದುಬ್ಬರದ ಅಂಕಿಯೂ ಅಲುಗುತ್ತದೆ.

ಅವರಲ್ಲಿ ಇನ್ನೊಂದು ಲೆಕ್ಕವಿದೆ. ಒಂದು ಕೆಜಿ ಜೀವಂತ ಹಂದಿ ಮಾರಿದ ದುಡ್ಡಿಗೆ ಅದರ ಮೇವಾದ ಮುಸುಕಿನ ಜೋಳ 6 ಕೆಜಿ ಬರದಿದ್ದರೆ, ಸಾಕಿದವರಿಗೆ ನಷ್ಟವೆಂದು ಸರ್ಕಾರ ಎಚ್ಚರಿಕೆ ಹೊರಡಿಸುತ್ತದೆ. ಇದನ್ನು ಮಂಡ್ಯದ ಆಲೆಮನೆಯೊಂದರಲ್ಲಿ ಹೇಳಿದೆ. ಕೊಪ್ಪರಿಗೆಯ ನೊರೆ ತೆಗೆಯುತ್ತಿದ್ದ ಹಿರಿಯರು ಕೈ ನಿಲ್ಲಿಸಿದರು. "ಒಂದು ಟನ್ ಕಬ್ಬು ಮಾರುದ್ರೆ ಎಷ್ಟು ಮೂಟೆ ಗೊಬ್ಬರ ಬತ್ತದೆ, ಎಷ್ಟು ಆಳಿನ ಕೂಲಿ ಬತ್ತದೆ ಅಂತ ನಮ್ಮಲ್ಲಿ ಯಾವನ್ಲಾ ಲೆಕ್ಕ ಮಡಗವ್ನೆ?"

ಹುಬೈ ಪ್ರಾಂತ್ಯದ ಎಝೌನಲ್ಲಿ ಹಂದಿಗೆಂದೇ 26 ಮಹಡಿಯ ಕಟ್ಟಡ ಎದ್ದಿದೆ ಎಂದೂ ಹೇಳಿದೆ. ಹಂದಿಗೆ ಬೆವರುವುದು ಬರುವುದಿಲ್ಲ. ಸೆಕೆ ಏರಿತೆಂದರೆ ಮೇವು ಬಿಡುತ್ತದೆ, ತೂಕ ನಿಲ್ಲುತ್ತದೆ, ಮರಿಗಳೂ ಕಮ್ಮಿ. ಹಾಗಾಗಿ ಮಹಡಿ ಮಹಡಿಗೂ ಹದವಾದ ಗಾಳಿ, ಹೊತ್ತುಹೊತ್ತಿಗೆ ಯಂತ್ರದಿಂದ ಮೇವು. ನಮಗೆ 2023ರಲ್ಲಿ ಮುಂಗಾರು ಕೈಕೊಟ್ಟು, ಕನ್ನಂಬಾಡಿ ಕಟ್ಟೆ ಭರ್ತಿಯ ಮಟ್ಟವಾದ 124.80 ಅಡಿ ಮುಟ್ಟದೆ ನಿಂತಾಗ ಸಿಕ್ಕಿದ್ದು ಹೆದ್ದಾರಿಯ ಮೇಲೆ ಧರಣಿ ಕೂರುವ ಅವಕಾಶ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ಹಾವು ಚೇಳು ಓಡಾಡುವ ಹೊತ್ತಿಗೆ. ನಾವು ಚೆನ್ನಾಗಿ ಬೆವರುತ್ತೇವಲ್ಲ, ಇನ್ನೇನು ಬೇಕು?

ಹಾಗಂತ ಚೀನಾದವರದ್ದು ಭಾರೀ ಬುದ್ಧಿವಂತಿಕೆ ಅನ್ನಬೇಡಿ. 2018ರ ಆಗಸ್ಟಿನಲ್ಲಿ ಆಫ್ರಿಕನ್ ಹಂದಿ ಜ್ವರ ನುಗ್ಗಿ, ಮರುವರ್ಷದ ಹೊತ್ತಿಗೆ ಸುಮಾರು ಶೇ 40ರಷ್ಟು ಹಂದಿ ಹೋದವು, ಬೆಲೆ ದುಪ್ಪಟ್ಟಾಯಿತು. ಸಾಕಿ, ಕಟ್ಟಿ, ಸಾಲ ತಗೊಳ್ಳಿ ಎಂದಿತು ಸರ್ಕಾರ. ಸಾಕಿದರು, ಮಹಡಿ ಮೇಲೆ ಮಹಡಿ ಕಟ್ಟಿದರು, ಮಾಂಸ ತುಂಬಿ ತುಳುಕಿ ಬೆಲೆ ನೆಲಕಚ್ಚಿತು. 2025ರಲ್ಲಿ ಅದೇ ಸರ್ಕಾರ, ದಯವಿಟ್ಟು ಹೆಣ್ಣು ಹಂದಿ ಕಮ್ಮಿ ಮಾಡಿ ಎಂದಿತು. ಟೊಮೆಟೊ ರಸ್ತೆಗೆ ಸುರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಆಲೆಮನೆಯಲ್ಲಿ ಜಿಲ್ಲಾಧಿಕಾರಿಗಳಿಗೊಂದು ಅರ್ಜಿ ತಯಾರಾಯಿತು: 'ನಮ್ಮನ್ನು ಚೀನಾದ ಹಂದಿಗಳೆಂದು ಪರಿಗಣಿಸಿ, ಸೌಲಭ್ಯ ಕೊಡಿಸಬೇಕಾಗಿ ವಿನಂತಿ.' ತೊಡಕೂ ಇತ್ತು. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಬೇರೆ ಪಾತ್ರೆಯಲ್ಲಿ ಹಂದಿ ಬಾಡು ಬೇಯಿಸಿ ಚಪ್ಪರಿಸುವ ಊರಿನಲ್ಲೂ ಅದರ ಹೆಸರನ್ನು ಕಾಗದದ ಮೇಲೆ ಬರೆಯಲು ಮುಜುಗರ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲೇ ನಡೆದ ಸಾಹಿತ್ಯ ಸಮ್ಮೇಳನದ ನಿಯಮಗಳಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕಿನ ಜೊತೆ ನಿಷೇಧದ ಸಾಲಿನಲ್ಲಿ ಕೂರಿಸಿದ್ದರು. ಕೋಳಿಗೇ ಈ ಗತಿಯಾದರೆ ಹಂದಿಯನ್ನು ಖಜಾನೆಯೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ?

ಅರ್ಜಿ ಓದಿದ ಗುಮಾಸ್ತರು ಕನ್ನಡಕ ಮೇಲೇರಿಸಿ, "ಯಜಮಾನ್ರೇ, ಎಷ್ಟೇ ಮಹಡಿ ಕೊಟ್ರೂ ಕೊನೇಗೆ ಕಡೀತಾರೆ, ಗೊತ್ತು ತಾನೇ?" ಎಂದರು.

"ಗೊತ್ತು ಸ್ವಾಮಿ. ಕಡಿಯೋಕ್ ಮುಂಚೆ ತೂಕ ಸರಿಯಾಗಿ ಹಾಕ್ತಾರಲ್ಲ!"