ಹಳೇ ಲ್ಯಾಪ್‌ಟಾಪ್‌ಗೆ ಲುಬುಂಟು: ಒಂದು ಸ್ಪಷ್ಟನೆ

'ಎಷ್ಟೇ ಹಳೇ ಲ್ಯಾಪ್‌ಟಾಪ್ ಇರಲಿ, ಲುಬುಂಟು ಹಾಕಿ, ಹೊಸದರ ಹಾಗೆ ಓಡುತ್ತದೆ' ಅನ್ನೋ ಮೆಸೇಜ್ ಓಡಾಡುತ್ತಿದೆ. ಲುಬುಂಟು ಅಂದರೆ ವಿಂಡೋಸ್ ಬದಲು ಹಾಕಬಹುದಾದ ಒಂದು ಹಗುರ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಆ ಮೆಸೇಜ್ ಅರ್ಧ ಮಾತ್ರ ನಿಜ.

ಲುಬುಂಟು 18.10ರ ನಂತರ 32-ಬಿಟ್ (ಹಳೇ ತರದ ಪ್ರೊಸೆಸರ್‌ಗೆ ಹೊಂದುವ) ಆವೃತ್ತಿ ಬರುವುದೇ ನಿಂತಿದೆ. ಹಳೇ 32-ಬಿಟ್ ಆಟಮ್ ಪ್ರೊಸೆಸರ್‌ನ ನೆಟ್‌ಬುಕ್‌ಗೆ (ಚಿಕ್ಕ ಲ್ಯಾಪ್‌ಟಾಪ್) ಈಗಿನ ಲುಬುಂಟು ಇರುವ ಪೆನ್‌ಡ್ರೈವ್ ಚುಚ್ಚಿದರೆ, ಈ ಕರ್ನಲ್‌ಗೆ (ಸಿಸ್ಟಮ್‌ನ ತಿರುಳು) ಎಕ್ಸ್86-64, ಅಂದರೆ 64-ಬಿಟ್, ಸಿಪಿಯು ಬೇಕು ಅಂತ ಒಂದು ಸಾಲು ತೋರಿಸಿ ಅಲ್ಲೇ ನಿಲ್ಲುತ್ತದೆ. ಪೆನ್‌ಡ್ರೈವ್ ಕೆಟ್ಟಿದೆ ಅಂತ ಸುಮ್ನೆ ಬದಲಾಯಿಸುತ್ತಾ ಕೂರಬೇಡಿ. ಇನ್ನೊಂದು ಲಿನಕ್ಸ್ ಆದ ಡೆಬಿಯನ್ ಕೂಡ 2025ರ 13ನೇ ಆವೃತ್ತಿಯಲ್ಲಿ 32-ಬಿಟ್ ಇನ್‌ಸ್ಟಾಲರ್ ಕೈಬಿಟ್ಟಿತು, ಹಾಗಾಗಿ ಅಂಥ ಮಷೀನಿಗೆ ಆಂಟಿಎಕ್ಸ್ ಅನ್ನೋ ಹಗುರ ಲಿನಕ್ಸ್‌ನ 32-ಬಿಟ್ ಆವೃತ್ತಿ ನೋಡಿ.

ಕೋರ್ 2 ಡ್ಯುಯೊ ಪ್ರೊಸೆಸರ್ ಇದ್ದರೆ ಚಿಂತೆಯಿಲ್ಲ, ಅದು 64-ಬಿಟ್. ಆದರೆ 2 ಜಿಬಿ ರ್‍ಯಾಮ್‌ನಲ್ಲಿ ಯಾವ ಲಿನಕ್ಸ್ ಹಾಕಿದರೂ ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಒದ್ದಾಡುತ್ತದೆ, ರ್‍ಯಾಮ್ ಜಾಸ್ತಿ ತಿನ್ನುವುದು ಬ್ರೌಸರೇ ಅಲ್ವಾ? ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ವೇಗದ ಸ್ಟೋರೇಜ್) ಹಾಕಿ, ವ್ಯತ್ಯಾಸ ಅಲ್ಲಿ ಕಾಣುತ್ತದೆ.