ಕಥೆಗಿಂತ ಕಮಾನು ದೊಡ್ಡದು

ಶಿರಸಿ ಸೀಮೆಯ ಒಂದು ಪೇಟೆಗೆ ಕೊನೆಗೂ ಕಥಾ ಉದ್ಯಾನ ಬಂದಿದೆ. ಊರಿನ ಹೆಸರು ಬೇಡ. ಹೇಳಿದರೆ ಉಳಿದ ಊರಿನವರು, "ನಮ್ಮಲ್ಲೂ ಇದೇ ಇದೆಯಲ್ಲ, ನಮ್ಮನ್ಯಾಕೆ ಬಿಟ್ರಿ?" ಎಂದು ಬೇಸರ ಮಾಡಿಕೊಳ್ಳುತ್ತಾರೆ.

ಯೋಜನೆಯ ಹೆಸರು 'ಕಡಿಮೆ ಖರ್ಚಿನಲ್ಲಿ ಕಥೆಪುಸ್ತಕದ ಲೋಕ'. ಇಷ್ಟುದ್ದದ ಹೆಸರು ಬರೆಯಲು ಅಷ್ಟೇ ಅಗಲದ ಕಮಾನು ಬೇಕಲ್ವಾ? ಅರ್ಧ ದುಡ್ಡು ಅಲ್ಲಿಗೆ ಹೋಯಿತು. ಮಿಕ್ಕಿದ್ದರಲ್ಲಿ ಗ್ರಾನೈಟ್ ಫಲಕ ಬಂತು. ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಬರೀ ಉಪಸ್ಥಿತಿ. ಒಳಗಿನ ಎಲ್ಲ ಕಥೆ ಸೇರಿಸಿದರೂ ಇಷ್ಟು ಪಾತ್ರಗಳಿಲ್ಲ.

ಆಮೇಲೆ ಉಳಿದ ಚಿಲ್ಲರೆಯಲ್ಲಿ ಉದ್ಯಾನ ಮಾಡಿದರು.

ಕಥೆಪುಸ್ತಕ ಅಂದಮೇಲೆ ಗಡ್ಡದ ಕುಳ್ಳರು ಇರಲೇಬೇಕಂತೆ. ಕೆಲಸವನ್ನು ತುಂಡು ಗುತ್ತಿಗೆ ಮಾಡಿ ಹಂಚಿದರು. ಒಬ್ಬರಿಗೆ ಕುಳ್ಳರ ಮೈ, ಇನ್ನೊಬ್ಬರಿಗೆ ಟೋಪಿ. ಇಬ್ಬರೂ ಬೇರೆ ಬೇರೆ ಅಳತೆ ಹಿಡಿದಿದ್ದರಿಂದ ಟೋಪಿ ತಲೆಗೆ ಕೂರಲಿಲ್ಲ. ಈಗ ಬೋಳುತಲೆಯ ಕುಳ್ಳರು ಒಳಗೆ ನಿಂತಿದ್ದಾರೆ. ಟೋಪಿಗಳು ಗೇಟಿನ ಹೊರಗೆ ಸಾಲಾಗಿವೆ, ಜನ ಅವುಗಳ ನಡುವೆ ಬೈಕ್ ನಿಲ್ಲಿಸುತ್ತಾರೆ. ಟೋಪಿ ಕೊನೆಗೆ ಯಾರ ತಲೆಗೆ ಬಿತ್ತು ಅಂತ ಮಾತ್ರ ಕೇಳಬೇಡಿ.

ಅಣಬೆಯದ್ದು ಇನ್ನೊಂದು ಕಥೆ. ಕೆಂಪು ಟೋಪಿ, ಬಿಳಿ ಚುಕ್ಕೆ, ಕಬ್ಬಿಣದ ಜಾಲರಿಗೆ ಸಿಮೆಂಟ್ ಮೆತ್ತಿ ಮಾಡಿದ್ದು. ಅಸಲಿ ಕೆಂಪು ಅಣಬೆ ಯುರೋಪಿನಂಥ ತಂಪು ದೇಶಗಳಲ್ಲಿ ಬರ್ಚ್, ಪೈನ್ ಮರಗಳ ಬುಡದಲ್ಲಿ ಏಳುತ್ತದೆ. ವಿಷದ್ದು. ನಮ್ಮಲ್ಲಿ ಮೊದಲ ಗುಡುಗು ಕೇಳಿದ ಮೇಲೆ ಗೆದ್ದಲ ಹುತ್ತದ ಹತ್ತಿರ ಬಿಳಿ ಅಣಬೆ ಏಳುತ್ತದೆ, ಸಾರಿಗೂ ಆಗುತ್ತದೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಮಳೆಗಾಲದ ರಾತ್ರಿ ಕೊಳೆತ ಕಟ್ಟಿಗೆಯ ಮೇಲೆ ಹಸಿರಾಗಿ ಮಿನುಗುವ ಅಣಬೆಗಳೂ ಇವೆ, ಕರೆಂಟ್ ಇಲ್ಲದೆ. ಉದ್ಯಾನದ ಅಣಬೆಯೊಳಗೆ ಎಲ್‌ಇಡಿ ಬಲ್ಬ್ ಇಟ್ಟಿದ್ದಾರೆ. ಮಳೆ ಬಂದ ಕೂಡಲೇ ಫ್ಯೂಸ್ ಹಾರುತ್ತದೆ.

ಉದ್ಘಾಟನೆಯ ದಿನ ಊರಿನ ಅಜ್ಜಿಯೊಬ್ಬರು ಒಳಗೆ ಒಂದು ಸುತ್ತು ಹಾಕಿ ಬಂದರು. ಕಾವಲಿನ ಹುಡುಗ, "ಹೇಗಿದೆ ಅಮ್ಮಾ?" ಎಂದ.

"ಅಡ್ಡಿಲ್ಲೆ ತಮಾ. ಗಿಡ ಎಲ್ಲಿದ್ದು?"

"ಗಿಡ ಎರಡನೇ ಹಂತದಲ್ಲಿ ಬರ್ತದೆ ಅಮ್ಮಾ."

'ಕಸದಿಂದ ರಸ' ವಿಭಾಗವೂ ಉಂಟು. ಹಳೆ ಟೈರು ಕೊಯ್ದು ಹಂಸ ಮಾಡಿದ್ದಾರೆ. ಕೊಕ್ಕಿಗೆ ಕೆಂಪು ಬಣ್ಣ, ಮೈಗೆ ಬಿಳಿ ಬಣ್ಣ, ಬೆನ್ನಿನ ಗುಂಡಿಯಲ್ಲಿ ಒಂದು ಗೇಣು ನೀರು. ಇದೇ ಆಡಳಿತದ ಆಟೋ ಪ್ರತಿ ಮಳೆಗಾಲ ಮೈಕ್ ಕಟ್ಟಿಕೊಂಡು ಬರುತ್ತದೆ: "ಸಾರ್ವಜನಿಕರ ಗಮನಕ್ಕೆ, ಹಳೆ ಟೈರುಗಳಲ್ಲಿ ನೀರು ನಿಲ್ಲಲು ಬಿಡಬೇಡಿ, ಡೆಂಗಿ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ." ಆಟೋ ಕೂಗುತ್ತಾ ಹೋಗುವುದು ಉದ್ಯಾನದ ಮುಂದಿನ ರಸ್ತೆಯಲ್ಲೇ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಉದ್ಯಾನದಲ್ಲಿ ಜೀವ ಇರುವ ಪಾತ್ರ ಅದೊಂದೇ.

ಮರಗಳ ಬುಡಕ್ಕೆ ಪುಟ್ಟ ಪುಟ್ಟ ಪ್ಲೈವುಡ್ ಬಾಗಿಲು ಹೊಡೆದಿದ್ದಾರೆ. ಮಳೆಗೆ ಉಬ್ಬಿ ಯಾವುದೂ ತೆರೆಯುವುದಿಲ್ಲ. ಹಿಂದೆ ಹಿಮ ಬೀಳುವ ದೇಶದ ಚೂಪು ಮಾಡಿನ ಕೋಟೆ. ಸೋಂದಾ ಕೋಟೆ ಹತ್ತಿರವೇ ಇದೆ, ಕದಂಬರ ಬನವಾಸಿಯೂ ದೂರವಿಲ್ಲ. ಆದರೆ ಅವುಗಳ ಮುಂದೆ ಸೆಲ್ಫಿ ಚೆನ್ನಾಗಿ ಬರುವುದಿಲ್ಲವಂತೆ.

ಊರಿನ ಮೇಷ್ಟ್ರೊಬ್ಬರು ಸಭೆಯಲ್ಲಿ ಎದ್ದು ನಿಂತು, ನಮ್ಮ ಜಿಲ್ಲೆಯದೇ ಕಥೆ ಇಡಬಹುದಿತ್ತಲ್ವಾ ಎಂದರು. ಗೋಕರ್ಣದಲ್ಲಿ ದನ ಕಾಯುವ ಮಾಣಿಯ ವೇಷದ ಗಣಪತಿ ರಾವಣನಿಗೆ ಕೈಕೊಟ್ಟ ಕಥೆ ಇದೆ. ಯಾಣದಲ್ಲಿ ಭಸ್ಮಾಸುರನದ್ದಿದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಯಾವ ಚಿತ್ರದ ಪುಸ್ತಕಕ್ಕೆ ಕಮ್ಮಿ? ಇಂಜಿನಿಯರ್ ತಾಳ್ಮೆಯಿಂದ ಉತ್ತರ ಕೊಟ್ಟರು: "ಅದು ಆಗಲೇ ನಿಂತಿದೆ ಸಾರ್. ನಿಂತಿದ್ದಕ್ಕೆ ಎಸ್ಟಿಮೇಟ್ ಹಾಕುವುದು ಹೇಗೆ?" ತನ್ನ ತಲೆ ಮೇಲೆ ತಾನೇ ಕೈ ಇಟ್ಟುಕೊಂಡವನ ಕಥೆ ಆ ಸಭಾಂಗಣಕ್ಕೇ ಚೆನ್ನಾಗಿ ಒಪ್ಪುತ್ತಿತ್ತು ಅಂತ ನನ್ನ ಅನಿಸಿಕೆ.

ಕಡಿಮೆ ಖರ್ಚಿನ ತೋಟ ನೋಡಬೇಕಾದರೆ ಮಳೆಗಾಲದಲ್ಲಿ ಈ ಕಡೆಯ ಯಾವುದಾದರೂ ಮನೆಯಂಗಳಕ್ಕೆ ಬನ್ನಿ. ಡೇರೆ ಹೂವಿನ ಕಾಲ ಅದು. ಬೇಸಿಗೆಯಿಡೀ ಮನೆಯ ಮೂಲೆಯಲ್ಲಿ ಬೆಚ್ಚಗಿದ್ದ ಗೆಡ್ಡೆ ಮೊಳಕೆ ಬಿಡುತ್ತಿದ್ದಂತೆ ಹರಿದ ಸಿಮೆಂಟ್ ಚೀಲ, ತಳ ಹೋದ ಬಕೆಟ್ಟು, ಕಿವಿ ಮುರಿದ ಕೊಡಪಾನ ಎಲ್ಲ ಅಂಗಳಕ್ಕೆ ಬರುತ್ತವೆ. ಗೊಬ್ಬರ ಕೊಟ್ಟಿಗೆಯದ್ದು. ಗಾಳಿಗೆ ಗಿಡ ವಾಲದಂತೆ ಅಡಿಕೆ ದಬ್ಬೆಯ ಊರುಗೋಲು, ಹಳೇ ಸೀರೆ ಅಂಚಿನ ಕಟ್ಟು. ಚೌತಿ ಹೊತ್ತಿಗೆ ಊಟದ ತಟ್ಟೆಯಗಲದ ಹೂವು ಬಿಟ್ಟಿರುತ್ತದೆ, ನೇರಳೆ, ಹಳದಿ, ಎರಡು ಬಣ್ಣ ಕಲೆಸಿದ್ದು. ಬಂದ ನೆಂಟರು ಕಾಫಿಗಿಂತ ಮೊದಲು ಗೆಡ್ಡೆಗೆ ಅರ್ಜಿ ಹಾಕುತ್ತಾರೆ. ಕೊಡದಿದ್ದರೂ ತೊಂದರೆ ಇಲ್ಲ, ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಇದೆ. ಶಿರಸಿಯಲ್ಲಿ 'ವನಸ್ತ್ರೀ' ಎಂಬ ಹೆಂಗಸರ ಬಳಗ 2001ರಿಂದ ಕೈತೋಟದ ಬೀಜ ಕಾಪಿಟ್ಟು ಹಂಚಿಕೊಳ್ಳುವ ಕೆಲಸ ಮಾಡುತ್ತಿದೆ. ಕೇಳಿದ್ದರೆ ಬೀಜ ಸಿಗುತ್ತಿತ್ತು, ಬುದ್ಧಿಯೂ ಸಿಗುತ್ತಿತ್ತು.

ಕೇಳಲಿಲ್ಲ. ಅವರದ್ದೂ ತಪ್ಪಿಲ್ಲ ಬಿಡಿ. ಗೆಡ್ಡೆ ಕೊಟ್ಟ ಅತ್ತೆಯ ಹತ್ತಿರ ಜಿಎಸ್‌ಟಿ ನಂಬರ್ ಇರುತ್ತದೆಯೇ? ಮೂರು ಮನೆಯಂಗಳದಿಂದ ಕೊಟೇಶನ್ ತರಿಸುವುದೆಲ್ಲಿಂದ? ಪುಕ್ಕಟೆ ಸಿಕ್ಕಿದ್ದಕ್ಕೆ ಬಿಲ್ ಆಗುವುದಿಲ್ಲ. ಬಿಲ್ ಆಗದ ಗಿಡ ಇಂಥ ನೆಲದಲ್ಲಿ ಬೇರು ಬಿಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಈಗ ಎರಡನೇ ಹಂತಕ್ಕೆ ಮಂಜೂರಾತಿ ಸಿಕ್ಕಿದೆ. ಗಿಡ ಮೂರನೇ ಹಂತಕ್ಕೆ ಹೋಯಿತು. ಈ ಸಲ ಬರುವುದು ಸಂಗೀತ ಕಾರಂಜಿ, ಉದ್ಘಾಟನೆ ಜುಲೈಯಲ್ಲಿ. ಜುಲೈಯಲ್ಲಿ ಇಲ್ಲಿ ಹಗಲು ರಾತ್ರಿ ಮಳೆ ಹೊಯ್ಯುತ್ತದೆ, ಕಾರಂಜಿ ಯಾವುದು ಅಂತ ಅತಿಥಿಗಳಿಗೆ ಗೊತ್ತಾಗುವುದು ಹೇಗೆ ಎಂದು ಯಾರೋ ಕೇಳಿದರಂತೆ. ಬಣ್ಣದ ಲೈಟ್ ಹತ್ತಿದ್ದು ಕಾರಂಜಿ, ಹತ್ತದೇ ಇದ್ದದ್ದು ಮಳೆ ಎಂದು ಒಂದು ಬೋರ್ಡ್ ಹಾಕುತ್ತಾರೆ. ಬೋರ್ಡಿಗೆ ಬೇರೆ ಟೆಂಡರು.